ಈ ಮನೆಯಲ್ಲಿ ದ್ರೋಹಿ ಇಲ್ಲ

ಹೋದ ತಿಂಗಳು ಸಿಯಾಟಲ್ ಹತ್ತಿರದ ಮಿಲ್ ಕ್ರೀಕ್‌ನಲ್ಲಿರುವ ಗೆಳತಿಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಪೇಟಿಯೋಗೆ ಕಲ್ಲು ಹಾಸುತ್ತಿದ್ದರು. ಕೆಲಸದವನೊಬ್ಬ ಮೊಣಕಾಲೂರಿ ಕಲ್ಲು ಕೊಯ್ಯುತ್ತಿದ್ದ. ಗರಗಸದ ಬಾಯಿಗೆ ನೀರು ಬಿದ್ದು ಬೂದು ಬಣ್ಣದ ರಾಡಿ ಹರಿಯುತ್ತಿತ್ತು. ಗೆಳತಿ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಒಳಗ್ ಬನ್ರೀ, ತುಂಬಾ ಡಸ್ಟ್ ಇದೆ" ಎಂದಳು. ನಾನು ಹೋಗಲಿಲ್ಲ. ಒದ್ದೆ ಕಲ್ಲಿನ ಪುಡಿಯ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡು ಅಲ್ಲೇ ನಿಂತೆ. ನನಗೆ ಅದು ಅಪ್ಪನ ಅಂಗಿಯ ವಾಸನೆ. ಆದರೆ ಅವತ್ತು ಮೊದಲು ನೆನಪಾದದ್ದು ಅಪ್ಪನಲ್ಲ... ಡುವಾಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ.

ಮುದುಕಿ ಎಂದು ಬರೆದದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬೇಡಿ. ಆಕೆಯೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಿದ್ದಳು. ಯಾರಾದರೂ ಸೀನಿಯರ್ ಎಂದರೆ ಕೆಂಡವಾಗುತ್ತಿದ್ದಳು.

ಬೆಲ್ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಮಗಳು ಓಡಾಡಿದರೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟುತ್ತಿದ್ದರು. ಅದು ಸಾಕಾಗಿಯೇ ನಾವು ಡುವಾಲ್‌ಗೆ ಬಂದೆವು. ಬಂದ ವಾರವೇ ಆಕೆ ಬೇಲಿ ದಾಟಿ ಬಂದು, ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿಯ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಕೊಟ್ಟುಹೋದಳು. ತಟ್ಟೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಶೇಂಗಾ ಹೋಳಿಗೆ ಇಟ್ಟುಕೊಂಡು ಆಕೆಯ ಮನೆಗೆ ಹೋದೆ. ಬಾಗಿಲಿಗೆ ಐದು ಮೆಟ್ಟಿಲು, ಐದೂ ಕಪ್ಪು ಕಲ್ಲಿನವು, ಒಂದೊಂದೂ ಪದರುಪದರಾದ ಕಲ್ಲು. ಮೂರನೆಯದರ ಮೇಲೆ ಕಾಲಿಟ್ಟಾಗ ಏನೋ ಅನುಮಾನವಾಯಿತು. ಬಗ್ಗಿ ಬೆರಳ ಗೆಣ್ಣಿನಿಂದ ಬಡಿದೆ. ಒಳ್ಳೆಯ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಬಿರಿದ ಕಲ್ಲು ಕೆಮ್ಮುತ್ತದೆ. ಇದು ಕೆಮ್ಮಿತು. ಬಾಗಿಲು ತೆರೆದು ನಿಂತಿದ್ದ ಆಕೆಗೆ, ಚಳಿಗಾಲದಲ್ಲಿ ಇದು ಬಿಟ್ಟುಕೊಳ್ಳುತ್ತದೆ, ಜೋಪಾನ ಎಂದೆ.

ನಿಮ್ಮಪ್ಪ ಏನು ಮಾಡುತ್ತಾನೆ ಎಂದು ಆಕೆ ಕೇಳಿದಳು. ಇನ್ನೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಬಾಯಿಪಾಠದ ಉತ್ತರ ಕೊಟ್ಟೆ: ಸ್ಟೋನ್ ಬಿಸಿನೆಸ್.

ಮುದುಕಿ ನಕ್ಕಳು. "ಬಿಸಿನೆಸ್ ಮಾಡವರ ಮಗಳು ಕಲ್ಲಿಗಿ ಕಿವಿ ಹಚ್ಚಂಗಿಲ್ಲ, ಹುಡುಗೀ."

ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ ಎಂಬುದು ನಿಮಗೂ ಗೊತ್ತು. ಆದರೆ ಅರವತ್ತು ವರ್ಷ ಅಮೆರಿಕದಲ್ಲಿದ್ದರೂ ಆಕೆಯ ಇಂಗ್ಲಿಷು ಇಲ್ಲಿಯವರದ್ದಾಗಿರಲಿಲ್ಲ. ಏರಿ ಇಳಿದು, ಕೊನೆಯಲ್ಲಿ ಎಳೆದು, ಎದುರಿಗಿದ್ದವರನ್ನು ತಿವಿಯುವಂತಿತ್ತು. ನನ್ನ ಕಿವಿಗೆ ಅದು ಮೊದಲಿನಿಂದಲೂ ನಮ್ಮ ಚಿತ್ತಾಪುರದ ಕಡೆಯ ಮಾತಿನಂತೆಯೇ ಬಿದ್ದಿದೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ. ಬೆಂಗಳೂರಿನ ಕನ್ನಡದಲ್ಲಿ ಬರೆದರೆ ಅದು ಆಕೆಯಾಗುವುದಿಲ್ಲ.

ನಮ್ಮಪ್ಪ ಕಲ್ಲಿನ ಕಣಿಯ ಕೂಲಿ, ನೀವು ಗಣಿ ಅನ್ನುವುದನ್ನು ನಾವು ಕಣಿ ಅನ್ನುತ್ತೇವೆ. ಶಹಾಬಾದ್ ಕಲ್ಲು ಎಂದು ನೀವೆಲ್ಲ ಮನೆಗೆ ಹಾಸುತ್ತೀರಲ್ಲ, ಆ ಫರಸಿಯನ್ನು ನೆಲದಿಂದ ಬಿಡಿಸುವವನು. ಕಣಿ ಇನ್ನೊಬ್ಬರದು, ಉಳಿ, ಸುತ್ತಿಗೆ, ಬೆನ್ನು ಮಾತ್ರ ಅಪ್ಪನವು. ನಮ್ಮ ಮನೆಯ ನೆಲ, ಗೋಡೆ, ಮಾಡು ಎಲ್ಲವೂ ಅಂಚು ಒಡೆದು ಮಾರಾಟವಾಗದೆ ಉಳಿದ ಫರಸಿಗಳೇ. ಹಿಂದೆ ಅವುಗಳ ದೊಡ್ಡ ಗುಡ್ಡೆಯಿತ್ತು. ಪಿಯುಸಿಯ ಗಣಿತವನ್ನೆಲ್ಲ ನಾನು ಮಾಡಿದ್ದು ಆ ಗುಡ್ಡೆಯ ಮೇಲೆ, ಸುಣ್ಣದ ಕಡ್ಡಿಯಿಂದ. ಒಂದು ಕಲ್ಲು ತುಂಬಿದರೆ ಮುಂದಿನ ಕಲ್ಲು. ಮಳೆ ಬಂದರೆ ಎಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಮೊದಲಿನಿಂದ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕಣ್ಣಿಂದ ನೋಡಿದ ಮೊದಲನೆಯವಳು ನಾನು. ಬಿ.ಇ. ಘಟಿಕೋತ್ಸವಕ್ಕೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಎಲ್ಲರೂ ವೇದಿಕೆಯ ಕಡೆ ನೋಡುತ್ತಿದ್ದರೆ ಆತ ಕುರ್ಚಿಯಿಂದ ಬಗ್ಗಿ ನೆಲ ಬಡಿದು, "ನಮ್ಮ ಕಡೀದೇ ಅದ" ಎಂದು ಪಕ್ಕದವರಿಗೆ ಹೇಳುತ್ತಿದ್ದ. ನನಗೆ ನೆಲ ಸೀಳಿ ಒಳಗೆ ಹೋಗಬೇಕೆನಿಸಿತ್ತು. ಈಗ ಬರೆಯುತ್ತಿದ್ದೇನೆ, ಯಾರು ಬೇಕಾದರೂ ಓದಲಿ.

ಬಿಸಿನೆಸ್ ಎಂಬ ಸುಳ್ಳನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಇಲ್ಲಿಗೆ ಬಂದ ವರ್ಷ, ಬೆಲ್ವ್ಯೂನಲ್ಲಿ ಯಾರದೋ ಮನೆಯ ಯುಗಾದಿ ಪಾಟ್‌ಲಕ್ಕಿನಲ್ಲಿ ಹೆಂಗಸರೆಲ್ಲ ಅಪ್ಪಂದಿರ ವಿಷಯ ಮಾತಾಡುತ್ತಿದ್ದರು. ಒಬ್ಬರಪ್ಪ ಎಂಜಿನಿಯರ್, ಒಬ್ಬರಪ್ಪ ಪ್ರೊಫೆಸರ್, ಒಬ್ಬರದು ಬ್ಯಾಂಕ್. ಸರದಿ ನನಗೆ ಬಂದಾಗ ಕಲ್ಲು ಎಂಬ ಪದದ ಹಿಂದೆ ಬಿಸಿನೆಸ್ ತಾನಾಗಿ ಅಂಟಿಕೊಂಡು ಬಂತು. ಒಬ್ಬರು ಆಸೆಯಿಂದ, "ಓ, ನಿಮ್ದೇ ಕ್ವಾರಿನಾ? ದೇವನಹಳ್ಳಿ ಹತ್ರ ಮನೆ ಕಟ್ಟಿಸ್ತಿದೀವಿ, ಸ್ವಲ್ಪ ಹೇಳಿ" ಎಂದರು. ನಾನು ತಲೆಯಾಡಿಸಿದೆ. ಮೈಸೂರಿನವರಾದ ನನ್ನ ಗಂಡ ದೂರದಿಂದಲೇ ಕೇಳಿಸಿಕೊಂಡಿದ್ದರು. ಆಮೇಲೆ ಕಾರಿನಲ್ಲಿ, "ಮಾವನಿಗೆ ಪ್ರಮೋಶನ್ ಆಯ್ತಾ?" ಎಂದು ಕೇಳಿದರು. ಅದಾದ ಮೇಲೆ ಹತ್ತು ವರ್ಷ ನಮ್ಮಪ್ಪ ಬೆಲ್ವ್ಯೂನಲ್ಲಿ ಕಣಿಯ ಧಣಿಯಾಗಿಯೇ ಉಳಿದ.

ಮುದುಕಿಯ ಮುಂದೆ ಆ ಸುಳ್ಳು ಒಂದು ತಟ್ಟೆ ಹೋಳಿಗೆ ಮುಗಿಯುವವರೆಗೂ ಬಾಳಲಿಲ್ಲ. ಆಕೆಯ ಅಪ್ಪ ವೇಲ್ಸಿನ ಒಂದು ಹಳ್ಳಿಯಲ್ಲಿ ಸ್ಲೇಟು ಕಲ್ಲು ಸೀಳುವವನಾಗಿದ್ದ. ಅಜ್ಜನೂ ಅದೇ. ಆ ಹಳ್ಳಿಯ ಹೆಸರನ್ನು ಬರೆಯೋಣವೆಂದರೆ ನನ್ನಿಂದಾಗದು. ಬಿಸಿ ಚಹಾ ಆರಿಸುವವರ ಹಾಗೆ ನಾಲಿಗೆಯ ಪಕ್ಕದಿಂದ ಊದಿ ಶುರು ಮಾಡಬೇಕು, ನಮ್ಮ ಐವತ್ತು ಅಕ್ಷರದಲ್ಲಿ ಆ ಅಕ್ಷರವಿಲ್ಲ. ಅಲ್ಲಿ ಮಾಡಿಗೆ ಹೊದಿಸುವ ಸ್ಲೇಟಿನ ಅಳತೆಗಳಿಗೆ ರಾಜಮನೆತನದ ಹೆಂಗಸರ ಹೆಸರುಗಳಂತೆ. ದೊಡ್ಡದಕ್ಕೆ ಎಂಪ್ರೆಸ್, ಆಮೇಲೆ ಡಚೆಸ್, ಆಮೇಲೆ ಕೌಂಟೆಸ್, ಲೇಡಿ. "ನಮ್ಮಪ್ಪ ದಿನಾ ಡಚೆಸ್‌ಗೋಳಿಗಿ ತೊಡಿಮ್ಯಾಲ ಕುಂಡ್ರಿಸಿಕೊಂಡು ಸೀಳತಿದ್ದ" ಎಂದು ಆಕೆ ಹೇಳುವಾಗ ನನ್ನ ಗಂಡನ ಬಾಯಿಂದ ಕಾಫಿ ಹೊರಬಂದಿತ್ತು.

ಆಕೆ ಓದಿದ್ದು ಕಡಿಮೆ. ಅಮೆರಿಕದವನನ್ನು ಮದುವೆಯಾಗಿ ಬಂದು, ಇಲ್ಲಿಯ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬಡಿಸಿದವಳು. ನಾನು ಓದಿದವಳು, ಮನೆಯಲ್ಲಿ ಮೊದಲನೆಯವಳು ಎಂದು ಗೊತ್ತಾದಾಗ ಆಕೆ ಮಾಡಿದ್ದನ್ನು ಇಲ್ಲಿಯವರೆಗೆ ಇನ್ನಾರೂ ಮಾಡಿಲ್ಲ. ಸರ್ಟಿಫಿಕೇಟು ತಂದು ತೋರಿಸು ಎಂದಳು. ನಾನು ನಕ್ಕೆ. ಆಕೆ ನಗಲಿಲ್ಲ. ಪೆಟ್ಟಿಗೆ ಹುಡುಕಿ ತಂದುಕೊಟ್ಟೆ. ಕೈ ತೊಳೆದು ಬಂದು, ಕನ್ನಡಕ ಹಾಕಿಕೊಂಡು, ಕನ್ನಡದ ಭಾಗವನ್ನೂ ಬೆರಳಿಟ್ಟು ಓದುವವಳಂತೆ ನೋಡಿದಳು. ಆಮೇಲೆ ಹೇಳಿದಳು: ಆಕೆಯ ಹಳ್ಳಿಯ ಹತ್ತಿರದ ಕಡಲ ಊರಿನಲ್ಲಿ ಒಂದು ದೊಡ್ಡ ಕಾಲೇಜಿದೆ, ಅದನ್ನು ಕಟ್ಟಲು ಕಲ್ಲು ಕೆಲಸದವರು ತಮ್ಮ ವಾರದ ಕೂಲಿಯಲ್ಲಿ ಪಾಲು ಕೊಟ್ಟಿದ್ದರು, ಎಷ್ಟೋ ಜನ ಅದರ ಬಾಗಿಲು ದಾಟದೆ ಸತ್ತರು. "ಧಣಿ ಕೋಟಿ ಕಟ್ಟಿಸಿದ. ನಮ್ಮವರು ಸಾಲಿ ಕಟ್ಟಿಸಿದರು" ಎಂದಳು. ಕಣಿಯ ಧಣಿ ತನಗಾಗಿ ಕಟ್ಟಿಸಿಕೊಂಡ ಕೋಟೆಯೂ ಅಲ್ಲೇ ಹತ್ತಿರದಲ್ಲಿದೆಯಂತೆ.

ಇನ್ನು ಕಿಟಕಿಯ ಕಾರ್ಡಿನ ವಿಷಯ. ಆಕೆಯ ಮನೆಯ ರಸ್ತೆಯ ಕಡೆಯ ಕಿಟಕಿಯಲ್ಲಿ, ಗಾಜಿಗೆ ಮುಖ ಮಾಡಿ, ಫ್ರೇಮು ಹಾಕಿದ ಹಳದಿ ಬಣ್ಣದ ಒಂದು ಕಾರ್ಡು ನಿಂತಿತ್ತು. ಓದಲು ಬಾರದ ಭಾಷೆ. ದೃಷ್ಟಿಯಾಗದಿರಲೆಂದು ಇಟ್ಟ ಮಂತ್ರ ಇರಬೇಕು, ನಾವು ನಿಂಬೆಹಣ್ಣು ಕಟ್ಟುವ ಹಾಗೆ ಎಂದು ಅಂದುಕೊಂಡಿದ್ದೆ. ಎರಡನೆಯ ವರ್ಷ ಕೇಳಿದೆ. ಆಕೆ ಅದನ್ನು ಓದಿ, ಅರ್ಥ ಹೇಳಿದಳು: ಈ ಮನೆಯಲ್ಲಿ ದ್ರೋಹಿ ಇಲ್ಲ.

ಆಕೆಯ ಅಜ್ಜನ ಕಾಲದಲ್ಲಿ ಕಣಿಯ ಕೆಲಸಗಾರರು ಮೂರು ವರ್ಷ ಮುಷ್ಕರ ಹೂಡಿದ್ದರಂತೆ. ಧಣಿ ಸಂಘವನ್ನು ಒಪ್ಪಲಿಲ್ಲ, ಇವರು ಬಗ್ಗಲಿಲ್ಲ. ಹಸಿವು ತಡೆಯಲಾರದೆ ಒಬ್ಬೊಬ್ಬರೇ ಕೆಲಸಕ್ಕೆ ಮರಳಿದಾಗ ಉಳಿದವರು ಅವರನ್ನು ಬ್ರಾದುರ್ ಎಂದು ಕರೆದರು. ದ್ರೋಹಿ. ಮರಳದ ಮನೆಗಳ ಕಿಟಕಿಯಲ್ಲಿ ಈ ಕಾರ್ಡು ನಿಂತಿತು. ಯಾರ ಕಿಟಕಿಯಲ್ಲಿ ಕಾರ್ಡಿಲ್ಲವೋ ಅವರ ಜೊತೆ ಮಾತಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಪ್ರಾರ್ಥನೆಯಲ್ಲಿ ಪಕ್ಕದ ಜಾಗವಿಲ್ಲ. ಮಕ್ಕಳ ಮಕ್ಕಳವರೆಗೂ ಆ ಮಾತು ಬಿಡಲಿಲ್ಲವಂತೆ.

ಆಕೆ ಈ ಕಾರ್ಡನ್ನು ಅಜ್ಜಿಯಿಂದ ಪಡೆದವಳು. ಮೂರು ವರ್ಷವೂ ತನ್ನ ಅಜ್ಜ ನಿಂತಿದ್ದ ಎಂದು ಕೇಳಿಕೊಂಡೇ ಬೆಳೆದವಳು. ಇಪ್ಪತ್ತನೆಯ ವಯಸ್ಸಿನಲ್ಲಿ ಯಾರದೋ ಸಾವಿನ ಮನೆಯಲ್ಲಿ ಸಂಬಂಧಿಕನೊಬ್ಬ ಎಲ್ಲರೆದುರು ಅಂದುಬಿಟ್ಟ: ನಿಮ್ಮ ಕಾರ್ಡು ಸುಳ್ಳು, ನಿಮ್ಮಜ್ಜನೂ ಹೋಗಿದ್ದ. ಆಕೆ ಅವನ ಕೆನ್ನೆಗೆ ಹೊಡೆದು ಹೊರಬಂದಳು. ಕಾರ್ಡು ಎತ್ತಿಕೊಂಡು ಆ ವರ್ಷವೇ ದೇಶ ಬಿಟ್ಟಳು. ಮತ್ತೆ ಹೋಗಲಿಲ್ಲ. ಕೆನ್ನೆಗೆ ಹೊಡೆದದ್ದು ಸರಿಯೋ ತಪ್ಪೋ ಎಂಬುದೊಂದನ್ನೇ ಅರವತ್ತು ವರ್ಷ ಎದೆಯ ಮೇಲೆ ಇಟ್ಟುಕೊಂಡಿದ್ದಳು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆಕೆಗೆ ಎಂಬತ್ತಾರಾದಾಗ ನನ್ನ ಆಫೀಸಿನವರು ಎರಡು ವಾರದ ಟೆಸ್ಟಿಂಗ್ ಕೆಲಸಕ್ಕೆ ನನ್ನನ್ನು ಲಂಡನ್ನಿಗೆ ಕಳಿಸಿದರು. ಬೇಲಿಯ ಹತ್ತಿರ ನಿಂತು ಹೇಳಿದೆ. ಆಕೆ ಒಳಗೆ ಹೋಗಿ ಒಂದು ಕಾಗದ ತಂದಳು. ನೋಡಬೇಕಾದ ಜಾಗಗಳ ಪಟ್ಟಿ, ನೋಡಬೇಕಾದ ಕ್ರಮದಲ್ಲಿ: ಮನೆಯ ಸಾಲು, ಕಣಿ, ಕಾರ್ಯಾಗಾರ, ಹಳೆಯ ಪ್ರಾರ್ಥನಾಲಯ. ಕೊನೆಯಲ್ಲಿ ಕೋಟೆ ಎಂದು ಬರೆದು ಹೊಡೆದುಹಾಕಿತ್ತು. ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ, ನೀನು ಹೋಗಬೇಡ ಎಂದಳು. ಧಣಿ ಅದರೊಳಗೆ, ಭೇಟಿಗೆ ಬರಲಿದ್ದ ಇಂಗ್ಲೆಂಡಿನ ರಾಣಿಗಾಗಿ ಕಲ್ಲಿನ ಮಂಚ ಮಾಡಿಸಿಟ್ಟಿದ್ದನಂತೆ. ರಾಣಿಯೇ ಅದರ ಮೇಲೆ ಮಲಗಲು ಒಪ್ಪಲಿಲ್ಲವಂತೆ.

ಆಮೇಲೆ ದನಿ ತಗ್ಗಿಸಿದಳು. ಪ್ರಾರ್ಥನಾಲಯದ ಹಿಂದಿನ ಕೋಣೆಯಲ್ಲಿ ಊರಿನವರು ಹಳೆಯ ಕಾಗದಪತ್ರ ಜೋಡಿಸಿಟ್ಟಿದ್ದಾರೆ, ಕೆಲಸಕ್ಕೆ ಮರಳಿದವರ ಹೆಸರುಗಳೂ ಅದರಲ್ಲಿವೆ ಎಂದು ಯಾರೋ ಹೇಳಿದ್ದರು. "ನೋಡಿ ಬಾ. ಇದ್ದರ ಅದ ಅಂತ ಹೇಳು. ಇಲ್ಲಂದರ ಇಲ್ಲಂತ ಹೇಳು. ನಡುವ ಏನೂ ಹೇಳಬ್ಯಾಡ."

ಹೂಂ ಎಂದೆ. ಹೂಂ ಎನ್ನುವುದು ಎಷ್ಟು ಸುಲಭ...

ಶನಿವಾರ ಬೆಳಿಗ್ಗೆ ಲಂಡನ್ನಿನಿಂದ ವೇಲ್ಸಿಗೆ ರೈಲು, ಆಮೇಲೆ ಬಸ್ಸು. ಬಸ್ಸಿಳಿದಾಗ ಜಿಟಿಜಿಟಿ ಮಳೆ. ಸಿಯಾಟಲ್‌ನಿಂದ ಬಂದವಳಿಗೆ ಅದೇನೂ ಹೊಸದಲ್ಲ. ಹೊಸದೆನಿಸಿದ್ದು ಬೇಲಿಗಳು. ಹೊಲದ ಅಂಚಿಗೆ ಕಲ್ಲಿನ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ತಂತಿಯಿಂದ ಬಿಗಿದಿದ್ದರು. ನಮ್ಮೂರಿನ ಹೊಲಕ್ಕೂ ಬಣವೆಗೂ ಅಂಥದೇ ಬೇಲಿ. ಬಣ್ಣವೊಂದೇ ಬೇರೆ, ನಮ್ಮದು ಬೂದು, ಅವರದು ನೇರಳೆಗಪ್ಪು. ಬೆಟ್ಟದ ಅರ್ಧವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು ತೆಗೆದಿದ್ದರು, ಉಳಿದರ್ಧದ ಮೇಲೆ ಒಡೆದ ಕಲ್ಲಿನ ರಾಶಿ ಸುರಿದಿತ್ತು. ಆಕೆಯ ಮನೆಯ ಸಾಲು ಹಾಗೆಯೇ ನಿಂತಿತ್ತು. ಕಿಟಕಿಗಳು ಎಷ್ಟು ಚಿಕ್ಕವೆಂದರೆ, ಆ ಕಾರ್ಡು ಇಟ್ಟರೆ ಬೆಳಕಿನ ಕಾಲುಭಾಗ ಹೋಗಬೇಕು. ಅದನ್ನು ಅಲ್ಲಿ ನಿಂತಾಗಲೇ ಅರಿತದ್ದು.

ಕಾರ್ಯಾಗಾರವನ್ನು ಮ್ಯೂಸಿಯಂ ಮಾಡಿದ್ದಾರೆ. ಮನೆಯಷ್ಟೆತ್ತರದ ನೀರಿನ ಗಾಲಿ, ಚಹಾ ಕುಡಿಯುತ್ತ ಕೆಲಸಗಾರರು ರಾಜಕೀಯ, ಪದ್ಯ, ಧರ್ಮ ಎಲ್ಲ ಚರ್ಚಿಸುತ್ತಿದ್ದ ಸಣ್ಣ ಕೋಣೆ. ಒಂದು ಶೆಡ್ಡಿನಲ್ಲಿ ಒಬ್ಬ ದಪ್ಪ ಮನುಷ್ಯ ಹತ್ತು ಹನ್ನೆರಡು ಪ್ರವಾಸಿಗರೆದುರು ಸ್ಲೇಟು ಸೀಳಿ ತೋರಿಸುತ್ತಿದ್ದ. ಕಲ್ಲನ್ನು ತೊಡೆಗೆ ಒರಗಿಸಿ, ಅಗಲ ಬಾಯಿಯ ಉಳಿಯಿಟ್ಟು, ಎರಡು ಏಟು. ಪುಸ್ತಕ ತೆರೆದ ಹಾಗೆ ಕಲ್ಲು ಬಿಚ್ಚಿಕೊಂಡಿತು. ಯಾರಾದರೂ ಪ್ರಯತ್ನಿಸುತ್ತೀರಾ ಎಂದು ಕೇಳಿದ. ನನ್ನ ಕಾಲು ನನ್ನನ್ನು ಕೇಳದೆ ಮುಂದೆ ಹೋಯಿತು.

ನಮ್ಮ ಕಣಿಯಲ್ಲಿ ಕಲ್ಲು ಮಲಗಿರುತ್ತದೆ. ಮೇಲಿನ ಪದರಿನಿಂದ ಒಂದೊಂದಾಗಿ ಎಬ್ಬಿಸುತ್ತ ಕೆಳಗಿಳಿಯುತ್ತಾರೆ, ಹೆಂಚಿನಿಂದ ರೊಟ್ಟಿ ಬಿಡಿಸಿದ ಹಾಗೆ. ನಾನು ಹಾಗೆಯೇ ಅಂಚಿನಿಂದ ಒಂದು ಬೆರಳು ಬಿಟ್ಟು ಉಳಿ ಇಟ್ಟು ಹೊಡೆದೆ. ಸೀಳು ಅರ್ಧ ಕೈ ಓಡಿ ಹೊರಕ್ಕೆ ತಿರುಗಿತು. ಚೂರು ಸಿಡಿದು ಜರ್ಮನ್ ಹೆಂಗಸೊಬ್ಬಳ ಶೂ ಮೇಲೆ ಬಿತ್ತು. ಎಲ್ಲರೂ ನಕ್ಕರು. ಆತ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದ. ಸ್ಲೇಟನ್ನು ಯಾವಾಗಲೂ ನಟ್ಟನಡುವೆ ಸೀಳಬೇಕು, ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು, ಎರಡೂ ಬದಿಗೆ ಸಮ ತೂಕವಿದ್ದರೆ ಮಾತ್ರ ಸೀಳು ನೇರ ಹೋಗುತ್ತದೆ ಎಂದ. ನೀನು ಹೊಡೆದದ್ದು ತಪ್ಪು, ಆದರೆ ಉಳಿ ಹಿಡಿದದ್ದು ಕಲಿತವರ ಹಾಗಿದೆ, ಎಲ್ಲಿ ಕಲಿತೆ ಎಂದ.

ನಾನು ಹೇಳಿದೆ. ನಮ್ಮಪ್ಪ ಕಲ್ಲು ಒಡೆಯುವವನು. ಕಣಿ ಆತನದ್ದಲ್ಲ. ದಿನಗೂಲಿ.

ಮುದುಕಿಯನ್ನು ಬಿಟ್ಟರೆ ಹತ್ತು ವರ್ಷದಲ್ಲಿ ಮೊದಲ ಸಲ, ಅದೂ ಹೆಸರೂ ಗೊತ್ತಿಲ್ಲದ ಜನರೆದುರು. ಆಕಾಶವೇನೂ ಬೀಳಲಿಲ್ಲ. ಆತ ತನ್ನ ಉಳಿಯನ್ನೇ ನನ್ನ ಕೈಗಿಟ್ಟು, ಕಲ್ಲಿನ ನಡುವನ್ನು ಹೆಬ್ಬೆರಳಿನಿಂದ ತೋರಿಸಿದ. ಎರಡನೆಯ ಸಲ ಕಲ್ಲು ಸರಿಯಾಗಿ ಬಿಚ್ಚಿತು. ಊರಿಗೆ ಫೋನು ಮಾಡಿ ಹೇಳಿದರೆ ಅಪ್ಪ ನಂಬಲಿಲ್ಲ. "ನಡಕ ಸೀಳತಾರ? ಮ್ಯಾಲಿಂದ ಬಿಡಸಂಗಿಲ್ಲ? ಹಂಗಾರ ಅವರಿಗಿ ಬರಂಗಿಲ್ಲ ತಗೊ" ಎಂದು ಇಟ್ಟುಬಿಟ್ಟ.

ಆ ಹುರುಪಿನಲ್ಲೇ ಪ್ರಾರ್ಥನಾಲಯಕ್ಕೆ ಹೋದೆ. ಹಿಂದಿನ ಕೋಣೆಯಲ್ಲಿ ಹೀಟರಿನ ಪಕ್ಕ ಒಬ್ಬ ಮುದುಕ ಕೂತಿದ್ದ. ಮರಳಿದವರ ಪಟ್ಟಿ ಬೇಕೆಂದೆ. ಯಾರ ಮನೆಯವರು ಎಂದು ಕೇಳಿದ. ನನ್ನ ಬಣ್ಣ ನೋಡಿಯೂ ಆ ಪ್ರಶ್ನೆಯನ್ನು ನಗದೆ ಕೇಳಿದ, ಅದು ನನಗೆ ಇಷ್ಟವಾಯಿತು. ಅಲ್ಲಿ ನಾಲ್ಕೈದು ಮನೆತನದ ಹೆಸರುಗಳನ್ನೇ ಊರೆಲ್ಲ ಇಟ್ಟುಕೊಂಡಿರುವುದರಿಂದ ಮನೆಯ ಹೆಸರಿಲ್ಲದೆ ಯಾರೂ ಯಾರೆಂದು ಗೊತ್ತಾಗುವುದಿಲ್ಲ. ಮುದುಕಿ ಬರೆದುಕೊಟ್ಟ ಮನೆಯ ಹೆಸರು ತೋರಿಸಿದೆ. ಆತ ಕನ್ನಡಕ ತೆಗೆದು ಒರೆಸಿದ. ಆ ಮನೆಯವರು ಯಾರೂ ಇದುವರೆಗೆ ಕೇಳಿಕೊಂಡು ಬಂದಿಲ್ಲ ಎಂದ. ಒಂದು ದಪ್ಪ ಫೈಲು ತಂದು, ಪುಟವನ್ನು ತಾನೇ ತೆರೆದು, ನನ್ನ ಕಡೆ ತಿರುಗಿಸಿದ.

ಇತ್ತು.

ಹೆಸರು, ಪಕ್ಕದಲ್ಲಿ ಮನೆಯ ಹೆಸರು. ಅನುಮಾನಕ್ಕೆ ಜಾಗವಿರಲಿಲ್ಲ. ಕೊನೆಯ ಚಳಿಗಾಲ. ಎರಡೂವರೆ ವರ್ಷ ನಿಂತು, ಇನ್ನೇನು ಮುಗಿಯಬೇಕು ಎನ್ನುವಾಗ ಆಕೆಯ ಅಜ್ಜ ಕೆಲಸಕ್ಕೆ ಮರಳಿದ್ದ.

ನಾನು ಫೈಲು ಮುಚ್ಚಲು ಹೋದೆ. ಮುದುಕ ತಡೆದ. ಇನ್ನೊಂದು ಪುಸ್ತಕ ತಂದ, ಹೂಳಿದವರ ದಾಖಲೆ. ಅದೇ ಚಳಿಗಾಲ, ಅದೇ ಮನೆ. ನಾಲ್ಕು ವರ್ಷದ ಹೆಣ್ಣುಮಗು. ಆ ಮಗುವನ್ನು ಮಣ್ಣು ಮಾಡಿದ ಹತ್ತನೆಯ ದಿನ ಅದರ ಅಪ್ಪ ಕಣಿಗೆ ಹೋಗಿದ್ದ. ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಬೇಕು, ನಮ್ಮೂರಿನವರು ನೂರು ವರ್ಷ ಒಂದನ್ನೇ ಓದಿದರು ಎಂದ ಆತ. ನಾನು ಮಗುವಿನ ಹೆಸರನ್ನು ಕೈಮೇಲೆಯೇ ಬರೆದುಕೊಂಡೆ. ಕಾಗದ ಹುಡುಕುವ ತಾಳ್ಮೆಯಿರಲಿಲ್ಲ.

ಕೋಟೆಗೆ ಹೋಗಲಿಲ್ಲ. ಬಸ್ಸಿಗೆ ಎರಡು ಗಂಟೆಯಿತ್ತು, ಸಾಲುಗಟ್ಟಿ ಜನ ಟಿಕೆಟ್ಟಿಗೆ ನಿಂತಿದ್ದರು. ಎದುರಿನ ಗೋಡೆಯ ಮೇಲೆ ಕೂತು, ಕಟ್ಟಿಕೊಂಡು ಬಂದಿದ್ದ ಚಪಾತಿ, ಶೇಂಗಾ ಹಿಂಡಿ ತಿಂದೆ. ಕೋಟೆಗೆ ಬೆನ್ನು ಹಾಕಿಯೇ ತಿಂದೆ.

ನಾನು ತಿರುಗಿ ಬರುವಷ್ಟರಲ್ಲಿ ಆಕೆ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕರ್ಕ್‌ಲ್ಯಾಂಡಿನ ಆರೈಕೆ ಕೇಂದ್ರಕ್ಕೆ ಸೇರಿಸಿದ್ದರು. ಏರ್‌ಪೋರ್ಟಿನಿಂದ ಬರುವಾಗ ನಾನು ಕಂಡದ್ದನ್ನೆಲ್ಲ ಗಂಡನಿಗೆ ಹೇಳಿದೆ. ಅವರು ಫೋರ್ ನಾಟ್ ಫೈವ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕಾರು ನಿಲ್ಲಿಸಿಕೊಂಡು ನನ್ನ ಕಡೆ ತಿರುಗಿದರು. "ಹೇಳ್ಬೇಡ ಕಣೇ. ಪಟ್ಟಿ ಸಿಗ್ಲಿಲ್ಲ ಅನ್ನು. ಎಂಬತ್ತಾರು ವರ್ಷದೋರು, ಸೊಂಟ ಬೇರೆ ಮುರ್ಕೊಂಡಿದಾರೆ. ಒಂದು ಸುಳ್ಳಿಂದ ಏನು ಹೋಗುತ್ತೆ ಹೇಳು?"

ನನ್ನ ಗಂಡ ಕೆಟ್ಟ ಮಾತಾಡುವವರಲ್ಲ. ಬೇರೆ ಯಾರಾಗಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಒಂದು ಸುಳ್ಳಿನಿಂದ ಏನು ಹೋಗುತ್ತದೆಂದು ನನಗೆ ಗೊತ್ತಿತ್ತು. ಹತ್ತು ವರ್ಷ ನಮ್ಮಪ್ಪನ ಕೈಯಿಂದ ಉಳಿ ಕಿತ್ತುಕೊಂಡು, ಆತ ಕೂರದ ಕುರ್ಚಿಯ ಮೇಲೆ ಕೂರಿಸಿದ್ದವಳು ನಾನು. ಆಕೆಗೂ ಅದನ್ನೇ ಮಾಡಲೇ?

ಭಾನುವಾರ ಮಧ್ಯಾಹ್ನ ಹೋದೆ. ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದಳು. ನನ್ನ ಮುಖ ನೋಡಿದೊಡನೆ, "ಅದ?" ಎಂದಳು.

ಇದೆ ಎಂದೆ.

ಆಮೇಲೆ ಎರಡನೆಯ ಪುಸ್ತಕದ ವಿಷಯ ಹೇಳಿದೆ, ಮಗುವಿನ ಹೆಸರು ಹೇಳಿದೆ. ಆ ಮಗು ಆಕೆಯ ಅಪ್ಪನ ಅಕ್ಕ. ಆಕೆಯ ಅಪ್ಪ ಆಗ ತೊಟ್ಟಿಲಲ್ಲಿದ್ದ. ಬದುಕಿದ್ದರೆ ಸೋದರತ್ತೆಯಾಗುತ್ತಿದ್ದಳು. ಇಂಗ್ಲಿಷಿನಲ್ಲಿ ಆಂಟ್ ಎಂದುಬಿಟ್ಟೆ, ಸೋದರತ್ತೆಯ ಭಾರ ಆ ಪದಕ್ಕೆಲ್ಲಿಂದ ಬರಬೇಕು? ಅಂಥ ಮಗುವೊಂದು ಇತ್ತೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಕಾರ್ಡು ಉಳಿಯಬೇಕೆಂದರೆ ಮಗುವಿನ ಮಾತೆತ್ತುವಂತಿರಲಿಲ್ಲ. ಅದರ ಮಾತೆತ್ತಿದರೆ ಆಮೇಲೆ ಅದರ ಅಪ್ಪ ಏನು ಮಾಡಿದ ಎಂದು ಯಾರಾದರೂ ಕೇಳುತ್ತಿದ್ದರು.

ಆಕೆ ಗೋಡೆಯ ಕಡೆ ಮುಖ ತಿರುಗಿಸಿ, ಹೋಗು ಎಂದಳು. ತಿವಿಯುವ ದನಿಯಲ್ಲ. ಅದನ್ನಾದರೂ ತಡೆದುಕೊಳ್ಳಬಹುದಿತ್ತು...

ಮುಂದಿನ ಭಾನುವಾರ ಹೋದಾಗ ನರ್ಸು ಬಾಗಿಲಲ್ಲೇ ತಡೆದು, ಇವತ್ತು ಯಾರನ್ನೂ ನೋಡುವುದಿಲ್ಲವಂತೆ ಎಂದಳು. ಯಾರನ್ನೂ ಎಂದರೆ ನನ್ನನ್ನು. ಅದರ ಮುಂದಿನ ಭಾನುವಾರವೂ ಹಾಗೆಯೇ. ಎರಡು ಸಲವೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಆಕೆಯ ಕಿಟಕಿಯನ್ನು ನೋಡಿದೆ. ಗಂಡ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು.

ಅದಾದ ಮೂರು ದಿನಕ್ಕೆ ಆಕೆಯೇ ಫೋನು ಮಾಡಿಸಿದಳು. ಹೋದೆ. ಮುಖ ಇಳಿದಿತ್ತು, ಆದರೆ ದನಿ ಮೊದಲಿನ ದನಿಯಾಗಿತ್ತು. ಕಿಟಕಿಯ ಕಾರ್ಡನ್ನು ಇಳಿಸಿ ತಂದುಕೊಡಲೇ ಎಂದು ನಾನೇ ಕೇಳಿದೆ. ಅದಕ್ಕೇ ಕರೆಸಿರಬೇಕು ಎಂದುಕೊಂಡಿದ್ದೆ.

"ಮುಟ್ಟಬ್ಯಾಡ ಅದಕ್ಕ," ಎಂದಳು. "ಎರಡೂವರಿ ವರ್ಷ ನಿಂತಾನ. ಕೂಸಿಗಿ ಮಣ್ಣಾಗಿಟ್ಟಮ್ಯಾಲ ಹೋಗ್ಯಾನ. ಆ ಧಣಿ ಒಂದರೆ ಹೊತ್ತು ಉಪಾಸ ಮಲಗ್ಯಾನೇನು? ದ್ರೋಹಿ ಇದ್ದ, ಖರೇ. ನಮ್ಮ ಮನ್ಯಾಗ ಇರಲಿಲ್ಲ, ಕೋಟ್ಯಾಗಿದ್ದ. ಕಾರ್ಡ ಅಲ್ಲೇ ಇರಲಿ. ಕೇಳಿದವರಿಗಿ ಪೂರಾ ಹೇಳು. ಹ್ವಾದ, ಯಾಕ ಹ್ವಾದ, ಎರಡೂ ಹೇಳು."

ಕೆನ್ನೆಗೆ ಹೊಡೆಸಿಕೊಂಡ ಸಂಬಂಧಿಕನ ವಿಷಯವನ್ನೂ ಎತ್ತಿದಳು. ಅವನು ಹೇಳಿದ್ದು ನಿಜ, ಆದರೆ ಅರ್ಧ, ಅರ್ಧ ಹೇಳಿದವನಿಗೆ ಒಂದು ಏಟು ಹೆಚ್ಚೇನಲ್ಲ ಎಂದಳು. ಆಮೇಲೆ ನನ್ನ ಕೈ ಹಿಡಿದು, ನಿನ್ನ ಬಿಸಿನೆಸ್ ಹ್ಯಾಂಗ ನಡದದ ಎಂದು ಕೇಳಿದಳು. ಮುಚ್ಚಿತು ಎಂದೆ. ಇಬ್ಬರೂ ನಕ್ಕೆವು.

ಮುಂದಿನ ಮಾರ್ಚ್‌ನಲ್ಲಿ ಆಕೆ ತೀರಿಕೊಂಡಳು. ಕ್ಯಾಲಿಫೋರ್ನಿಯಾದಿಂದ ಬಂದ ಮಗ ಊರಿನ ಹಾಲಿನಲ್ಲಿ ನೆನಪಿನ ಸಭೆ ಇಟ್ಟುಕೊಂಡ. ಆಕೆಯ ಹೋಳಿಗೆಯ ಹುಚ್ಚು ಬಲ್ಲ ನಮ್ಮ ಬೆಲ್ವ್ಯೂ ಗೆಳತಿಯರೂ ಬಂದಿದ್ದರು. ಮಗ ಮಾತಾಡುತ್ತ, ಅಮ್ಮ ಕೋಟೆಗಳ ನಾಡಿನವಳು, ಎಂದೂ ಬಗ್ಗದ ಮನೆತನದವಳು ಎಂದ. ಆಮೇಲೆ ನನ್ನನ್ನು ಕರೆದ. ನಾನು ಬರೆದುಕೊಂಡು ಹೋದದ್ದನ್ನು ಮಡಚಿ ಇಟ್ಟೆ. ಆಕೆ ಕೋಟೆಗಳ ನಾಡಿನವಳಲ್ಲ, ಕಣಿಯವಳು ಎಂದೆ. ಆಕೆಯ ಅಜ್ಜ ಬಗ್ಗಿದ್ದ, ಒಂದು ಮಗುವನ್ನು ಹೂಳಿ ಬಗ್ಗಿದ್ದ, ಅದನ್ನು ತಿಳಿದೂ ಆಕೆ ಬಗ್ಗಲಿಲ್ಲ ಎಂದೆ. ನಮ್ಮಪ್ಪನೂ ಕಲ್ಲು ಒಡೆಯುವ ಕೂಲಿ, ನಮಗೆ ಯಾವ ಬಿಸಿನೆಸ್ಸೂ ಇಲ್ಲ, ಇರಲೇ ಇಲ್ಲ, ಆದ್ದರಿಂದಲೇ ನಾನು ಆಕೆಗೆ ಅರ್ಥವಾದೆ ಎಂದೆ. ಮಗನ ಮುಖ ಕೆಂಪಾಯಿತು. ದೇವನಹಳ್ಳಿಯಲ್ಲಿ ಮನೆ ಕಟ್ಟಿಸಿದವರು ಹೊರಗೆ ಬಂದಾಗ, ನೀವು ತುಂಬಾ ಹಂಬಲ್ ಕಣ್ರೀ ಎಂದರು. ಹಂಬಲ್ ಅಲ್ಲ, ಜಂಬ ಎಂದೆ. ಅವರು ಇವತ್ತಿಗೂ ನನ್ನ ಜೊತೆ ಮೊದಲಿನಂತಿಲ್ಲ. ಇರದಿದ್ದರೆ ಬೇಡ.

ಕಿಟಕಿಯ ಕಾರ್ಡನ್ನು ಮಗ ಒಯ್ದ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ, ನಾಯಿ ಸಾಕಿದ್ದಾರೆ. ಮಿಲ್ ಕ್ರೀಕ್‌ನಿಂದ ಬಂದ ದಿನ ಸಂಜೆ ನಾನು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಕೆಯ ಕೋಪ, ನಗು, ಮಾತು ಎಲ್ಲ ನನ್ನ ಹತ್ತಿರವಿದೆ. ಇಲ್ಲದಿರುವುದು ಆ ಎರಡು ಭಾನುವಾರ. ನಾನು ಕೆಳಗೆ ಕಾರಿನಲ್ಲಿ ಕೂತಿದ್ದಾಗ ಆಕೆ ಮೇಲೆ ಒಬ್ಬಳೇ ಏನು ಮಾಡಿದಳು, ಅತ್ತಳೋ, ಅಜ್ಜನನ್ನು ಬೈದಳೋ, ನನ್ನನ್ನು ಬೈದಳೋ... ಕೇಳಬಹುದಿತ್ತು. ನಕ್ಕು ಮುಗಿಸಿಬಿಟ್ಟೆ. ಇನ್ನು ಹೇಳುವವರಿಲ್ಲ. ಅಷ್ಟು ನೋವು ಕೊಟ್ಟದ್ದು ನಾನೇ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಆದರೆ ಇವತ್ತು ಆಕೆ ಬಂದು "ಅದ?" ಎಂದು ಮತ್ತೆ ಕೇಳಿದರೆ, ಇದೆ ಎಂದೇ ಹೇಳುತ್ತೇನೆ.